ವಕೀಲಿ ಓದಿಗೆ ಅರ್ಜಿ: ಮೊದಲು ಕಾಗದ, ಆಮೇಲೆ ಅಂಕ, ಕೊನೆಗೆ ಸೀಟು

ಗಡಿಭಾಗದ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳ ಪಾಲಕರು ಹನ್ನೆರಡನೆಯ ತರಗತಿಗೆ ಮುನ್ನವೇ ತಿಳಿದಿರಬೇಕಾದ ಸಂಗತಿಗಳು

ಕೋವಾಡದಿಂದ ಬೆಳಗಾವಿ ಹತ್ತಿರ, ಕೊಲ್ಹಾಪುರ ದೂರ. ಸಂತೆಗೆ, ದವಾಖಾನೆಗೆ, ಮದುವೆಯ ಬಟ್ಟೆಗೆ ನೀವು ಹೋಗುವುದು ಬೆಳಗಾವಿಗೆ. ಆದರೆ ನಿಮ್ಮ ರೇಶನ್ ಕಾರ್ಡು, ಹೊಲದ ಸಾತ್‌ಬಾರಾ ಉತಾರ, ಮಗಳ ಶಾಲೆಯ ದಾಖಲೆ ಎಲ್ಲವೂ ಕೊಲ್ಹಾಪುರ ಜಿಲ್ಲೆಯವು. 1956ರ ಅಕ್ಟೋಬರ್ ಮುಗಿಯುವವರೆಗೂ ಚಂದಗಡ ತಾಲೂಕು ಬೆಳಗಾವಿ ಜಿಲ್ಲೆಯಲ್ಲೇ ಇತ್ತು. ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯು ಬೆಳಗಾವಿ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದಾಗ ಚಂದಗಡ ಒಂದನ್ನು ಬಿಟ್ಟಿತು. ಆ ಒಂದು ಗೆರೆ ಇಂದಿಗೂ ನಿಮ್ಮ ಮನೆಯ ಹೊಸ್ತಿಲ ಮೇಲೆ ಇದೆ. ಮಗಳು ‘ಅಪ್ಪಾ, ನಾನು ವಕೀಲಳಾಗಬೇಕು’ ಎಂದ ದಿನ ಅದು ಎದ್ದು ಕಾಣುತ್ತದೆ.

ಏಕೆಂದರೆ ಕಾನೂನು ಕಾಲೇಜಿಗೆ ಈ ಊರಿನಿಂದ ಒಂದಲ್ಲ, ಮೂರು ದಾರಿ ಇವೆ. ಮೂರಕ್ಕೂ ಬೇರೆ ಬೇರೆ ತಿಂಗಳು, ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಶುಲ್ಕದ ಲೆಕ್ಕ. ಒಂದು ದಾರಿಯಲ್ಲಿ ಪರೀಕ್ಷೆ ಬರೆದರೆ ಮಾತ್ರ ಶುಲ್ಕದ ರಿಯಾಯಿತಿ. ಇನ್ನೊಂದರಲ್ಲಿ ಪರೀಕ್ಷೆಯೇ ಇಲ್ಲ, ಆದರೆ ರಿಯಾಯಿತಿಯೂ ಇಲ್ಲ. ಮತ್ತೊಂದರಲ್ಲಿ ಪರೀಕ್ಷೆ ಎಲ್ಲರಿಗಿಂತ ಮೊದಲು, ಖರ್ಚು ಎಲ್ಲಕ್ಕಿಂತ ಹೆಚ್ಚು. ಹೆಚ್ಚಿನ ಪಾಲಕರು ಇದನ್ನು ತಿಳಿಯುವುದು ಹನ್ನೆರಡನೆಯ ಫಲಿತಾಂಶ ಬಂದ ಮೇಲೆ, ಮೇ ತಿಂಗಳಿನಲ್ಲಿ. ಅಷ್ಟರಲ್ಲಿ ಎರಡು ದಾರಿಗಳ ಅರ್ಜಿಯ ದಿನ ಮುಗಿದಿರುತ್ತದೆ. ಉಳಿದ ಒಂದೇ ದಾರಿಯನ್ನು ‘ಇದೇ ನಮ್ಮ ಹಣೆಬರಹ’ ಎಂದು ಹಿಡಿಯುತ್ತೀರಿ. ಅದು ಹಣೆಬರಹವಲ್ಲ, ತಡವಾಗಿ ಕೇಳಿದ್ದರ ಫಲ.

ಮೊದಲ ದಾರಿ: ಕೊಲ್ಹಾಪುರದ ಕಡೆಗೆ

ಮಹಾರಾಷ್ಟ್ರದಲ್ಲಿ ಹನ್ನೆರಡನೆಯ ನಂತರದ ಐದು ವರ್ಷದ ಎಲ್‌ಎಲ್‌ಬಿಗೆ ರಾಜ್ಯದ ಸಿಇಟಿ ಸೆಲ್ ಪ್ರವೇಶ ಪರೀಕ್ಷೆ ನಡೆಸುತ್ತದೆ. ಆ ಅಂಕದ ಮೇಲೆ ‘ಕ್ಯಾಪ್’ ಎಂದು ಕರೆಯುವ ಕೇಂದ್ರೀಕೃತ ಪ್ರವೇಶ ಸುತ್ತುಗಳಲ್ಲಿ ಸೀಟು ಹಂಚಿಕೆಯಾಗುತ್ತದೆ. 1933ರಿಂದ ನಡೆದುಬಂದ ಕೊಲ್ಹಾಪುರದ ಶಹಾಜಿ ಲಾ ಕಾಲೇಜಾಗಲಿ, 1924ರಲ್ಲಿ ಆರಂಭವಾದ ಪುಣೆಯ ಐಎಲ್‌ಎಸ್ ಲಾ ಕಾಲೇಜಾಗಲಿ, ಈ ಬಾಗಿಲಿನಿಂದಲೇ ಒಳಗೆ ಹೋಗಬೇಕು.

ಪರೀಕ್ಷೆ ಕಂಪ್ಯೂಟರ್ ಮೇಲೆ, ಎರಡು ತಾಸು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಕಾನೂನು ಪ್ರಜ್ಞೆ, ಸಾಮಾನ್ಯ ಜ್ಞಾನ ಮತ್ತು ಪ್ರಚಲಿತ ವಿದ್ಯಮಾನ, ತರ್ಕ, ಇಂಗ್ಲಿಷ್, ಸರಳ ಗಣಿತ: ಇವು ವಿಷಯಗಳು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಇರುತ್ತದೆ, ಕನ್ನಡದಲ್ಲಿ ಇಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಗು ಹನ್ನೊಂದು, ಹನ್ನೆರಡನ್ನು ಯಾವ ಮಾಧ್ಯಮದಲ್ಲಿ ಓದುತ್ತದೆಯೋ ಆ ಮಾಧ್ಯಮದಲ್ಲೇ ಈ ಪರೀಕ್ಷೆಗೆ ಕೂರುವುದು ಒಳ್ಳೆಯದು. ‘ಇಂಗ್ಲಿಷ್ ಬರೆದರೆ ಗೌರವ’ ಎಂದು ಮರಾಠಿ ಜೂನಿಯರ್ ಕಾಲೇಜಿನ ಮಗಳಿಗೆ ಇಂಗ್ಲಿಷ್ ಪತ್ರಿಕೆ ಆರಿಸಿಕೊಟ್ಟರೆ ತರ್ಕದ ಪ್ರಶ್ನೆ ಬಿಡಿಸುವ ಮೊದಲೇ ವಾಕ್ಯ ಬಿಡಿಸುವುದರಲ್ಲಿ ಹೊತ್ತು ಹೋಗುತ್ತದೆ.

ಅರ್ಜಿ ಸಾಮಾನ್ಯವಾಗಿ ಚಳಿಗಾಲದಲ್ಲಿ ತೆರೆದು ಹನ್ನೆರಡನೆಯ ಬೋರ್ಡ್ ಪರೀಕ್ಷೆಯ ಸುಮಾರಿಗೆ ಮುಗಿಯುತ್ತದೆ. ಪರೀಕ್ಷೆ ಏಪ್ರಿಲ್–ಮೇ ಸುಮಾರಿಗೆ. ಕ್ಯಾಪ್ ಸುತ್ತುಗಳು ಮಳೆಗಾಲದಲ್ಲಿ ಆರಂಭವಾಗಿ ಎಳೆದಾಡುತ್ತವೆ. ಹೀಗಾಗಿ ಬೋರ್ಡ್ ಫಲಿತಾಂಶ ಬರುವ ಹೊತ್ತಿಗೆ ಸಿಇಟಿ ಅರ್ಜಿಯ ದಿನ ಕಳೆದು ಎಷ್ಟೋ ವಾರಗಳಾಗಿರುತ್ತವೆ. ‘ಫಲಿತಾಂಶ ನೋಡಿ ಅರ್ಜಿ ಹಾಕೋಣ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಮಗಳಿಗೆ ವಕೀಲಿ ಓದುವ ಮನಸ್ಸು ಅರ್ಧ ಇದ್ದರೂ ಅರ್ಜಿ ಹಾಕಿಸಿ. ಬರೆದ ಪರೀಕ್ಷೆಯನ್ನು ಬಿಟ್ಟುಬಿಡಬಹುದು. ಬರೆಯದ ಪರೀಕ್ಷೆಯ ಅಂಕವನ್ನು ಎಲ್ಲಿಂದಲೂ ತರಲಾಗದು.

ಎರಡನೆಯ ದಾರಿ: ಬೆಳಗಾವಿಯ ಕಡೆಗೆ

ಬೆಳಗಾವಿಯ ರಾಜಾ ಲಖಮಗೌಡಾ ಕಾನೂನು ಕಾಲೇಜು 1939ರದು. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಇಲ್ಲಿ ಓದಿದವರು. ಕೆಎಲ್‌ಇ ಸಂಸ್ಥೆಯ ಬಿ.ವಿ. ಬೆಲ್ಲದ ಕಾನೂನು ಕಾಲೇಜು ಕೂಡ ಅದೇ ಊರಿನಲ್ಲಿದೆ. ಇಂಥ ಕಾಲೇಜುಗಳು ಸೇರಿರುವುದು 2009ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ.

ಇಲ್ಲಿ ಮಹಾರಾಷ್ಟ್ರದಂಥ ಪ್ರವೇಶ ಪರೀಕ್ಷೆಯ ಪದ್ಧತಿ ಇಲ್ಲ. ಹನ್ನೆರಡನೆಯ ಅಂಕವೇ ಆಧಾರ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 40 ಅಂಕ ಬೇಕು. ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗವಾದರೂ ಆದೀತು. ಮುಖ್ಯ ಸಂಗತಿ ಇನ್ನೊಂದಿದೆ: ಈ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಕನ್ನಡದಲ್ಲೂ ಉತ್ತರ ಬರೆಯಲು ಅವಕಾಶವಿದೆ. ನಿಮ್ಮ ಮಗಳು ಹತ್ತು ವರ್ಷ ಕೂಡಿಟ್ಟ ಕನ್ನಡ ಮತ್ತೆ ಅಂಕಕ್ಕೆ ಬರುವುದು ಈ ದಾರಿಯಲ್ಲಿ ಮಾತ್ರ.

ಇದೆಲ್ಲ ಚೆನ್ನಾಗಿದೆ. ಹಾಗಾದರೆ ಎಲ್ಲರೂ ಬೆಳಗಾವಿಗೇ ಹೋಗಬಾರದೇಕೆ? ಎರಡು ಕಾರಣ.

ಒಂದು, ಗೆರೆ. ಕರ್ನಾಟಕದ ಸರ್ಕಾರಿ ಕೋಟಾದ ಸೀಟು ಕೇಳುವಾಗ ಕರ್ನಾಟಕದ ಶಾಲೆಯಲ್ಲಿ ಎಷ್ಟು ವರ್ಷ ಓದಿದಿರಿ ಎಂಬ ಪ್ರಶ್ನೆ ಬರುತ್ತದೆ. ಗಡಿಯ ಈ ಬದಿಯ ಮಕ್ಕಳಿಗೆ ಆ ಲೆಕ್ಕ ಕೂಡಿಬರುವುದಿಲ್ಲ. ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆ ಒಂದು ಕಲಮು ಇದೆ ಎಂದು ನೀವು ಕೇಳಿರಬಹುದು. ಅದು ನಿಜ. ಆದರೆ ಆ ಕಲಮಿನಲ್ಲಿ ಹೆಸರಿಸಿದ ಮಹಾರಾಷ್ಟ್ರದ ತಾಲೂಕುಗಳು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಮತ್ತು ಗಡಹಿಂಗ್ಲಜ. ಚಂದಗಡ ಆ ಪಟ್ಟಿಯಲ್ಲಿಲ್ಲ. ಗಡಹಿಂಗ್ಲಜದ ಕನ್ನಡ ಹುಡುಗನಿಗೆ ಸಿಗಬಹುದಾದ ಅವಕಾಶ ಪಕ್ಕದ ಕೋವಾಡದ ಹುಡುಗಿಗೆ ಅದೇ ಹೆಸರಿನಲ್ಲಿ ಸಿಗದು. ತಾಲೂಕಿನ ಹೊರಗೆ, ರಾಜ್ಯದ ಹೊರಗೆ ಓದಿದ ಕನ್ನಡಿಗರಿಗೆ ಹೊರನಾಡು ಕನ್ನಡಿಗ ಎಂಬ ಬೇರೆ ಕಲಮು ಇದೆ. ಅದಕ್ಕೆ ಹೊರರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು, ಕನ್ನಡ ಭಾಷೆಯ ಪರೀಕ್ಷೆಯಲ್ಲಿ ಪಾಸಾಗಬೇಕು. ಯಾವ ಕಲಮು ಯಾವ ಕೋರ್ಸಿಗೆ, ಯಾವ ಕಾಲೇಜಿನ ಎಷ್ಟು ಸೀಟಿಗೆ ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿಯೇ ಅರ್ಜಿ ತುಂಬಿ. ಊರಿನ ಮಾತನ್ನು ನಂಬಿ ತುಂಬಬೇಡಿ. ಈ ಯಾವ ಕಲಮೂ ಒದಗದಿದ್ದರೆ ಉಳಿಯುವುದು ಕಾಲೇಜಿನ ಆಡಳಿತ ಮಂಡಳಿ ನೇರವಾಗಿ ಕೊಡುವ ಸೀಟು. ಅದಕ್ಕೆ ಶುಲ್ಕ ಹೆಚ್ಚು.

ಎರಡು, ಸ್ಕಾಲರ್‌ಶಿಪ್. ಅದಕ್ಕೆ ಈಗಲೇ ಬರೋಣ.

ಮೂರನೆಯ ದಾರಿ: ಕ್ಲ್ಯಾಟ್

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ‘ಕ್ಲ್ಯಾಟ್’ ಪರೀಕ್ಷೆ ಬೇಕು. ಇದು ಈಚಿನ ವರ್ಷಗಳಲ್ಲಿ ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತಿದೆ: 2023ರಲ್ಲಿ 3ರಂದು, 2024ರಲ್ಲಿ 1ರಂದು, 2025ರಲ್ಲಿ 7ರಂದು. 120 ಪ್ರಶ್ನೆ, ಎರಡು ತಾಸು, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪತ್ರಿಕೆ ಪೂರ್ತಿ ಇಂಗ್ಲಿಷಿನಲ್ಲಿ. ಉದ್ದುದ್ದ ಗದ್ಯಭಾಗ ಓದಿ ಉತ್ತರಿಸುವ ಪರೀಕ್ಷೆ ಇದು. ಭಾರತೀಯ ಭಾಷೆಗಳಲ್ಲೂ ನಡೆಸಬೇಕೆಂಬ ಅರ್ಜಿ 2023ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಹೋಗಿತ್ತು. ಆದರೆ ನಿಮ್ಮ ಮಗಳು ಕೂರುವ ಪತ್ರಿಕೆ ಇಂಗ್ಲಿಷಿನದೇ ಎಂದು ತಿಳಿದು ತಯಾರಿ ಮಾಡಿಸಿ.

ಇಲ್ಲೂ ಗೆರೆ ಅಡ್ಡ ಬರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲಾತಿ ಇದೆ. ಆದರೆ ‘ಕರ್ನಾಟಕದ ವಿದ್ಯಾರ್ಥಿ’ ಎಂದರೆ ಕರ್ನಾಟಕದ ಶಾಲೆಯಲ್ಲಿ ಹತ್ತು ವರ್ಷ ಓದಿದವರು. ಅವರು ಶಾಲೆ ಎಲ್ಲಿತ್ತು ಎಂದು ಕೇಳುತ್ತಾರೆ, ಅಲ್ಲಿ ಯಾವ ಭಾಷೆ ಕಲಿಸುತ್ತಿದ್ದರು ಎಂದು ಕೇಳುವುದಿಲ್ಲ. ನಿಮ್ಮ ಮಗಳಿಗೆ ಒದಗುವುದು ಮುಂಬೈ, ನಾಗಪುರ ಮತ್ತು ಛತ್ರಪತಿ ಸಂಭಾಜಿನಗರದ ಮಹಾರಾಷ್ಟ್ರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಮಹಾರಾಷ್ಟ್ರದ ನಿವಾಸಿಗಳಿಗಿರುವ ಮೀಸಲು ಸೀಟು. ಕ್ಲ್ಯಾಟ್ ಅರ್ಜಿಯಲ್ಲಿ ರಾಜ್ಯದ ಮೀಸಲಾತಿಯ ಅಂಕಣ ಬಂದಾಗ ಮನೆಯ ಭಾಷೆ ನೆನೆದು ಕರ್ನಾಟಕ ಎಂದು ತುಂಬಬೇಡಿ. ಕಾಗದದ ಪ್ರಕಾರ ತುಂಬಿ.

ಖರ್ಚು? ಅರ್ಜಿಗೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಯ ಕೆಳಗಿನವರಿಗೆ 3,500. ಪ್ರವೇಶ ಸಿಕ್ಕರೆ ವರ್ಷದ ಶುಲ್ಕ, ವಸತಿ ಸೇರಿ ಲಕ್ಷಗಳಲ್ಲಿ. ಫಲಿತಾಂಶದ ಬೆನ್ನಿಗೇ ಸೀಟು ಕಾಯ್ದಿರಿಸಲು ಹತ್ತಾರು ಸಾವಿರ ಕಟ್ಟಬೇಕು. ಅದೂ ಮಗಳು ಇನ್ನೂ ಹನ್ನೆರಡನೆಯ ಬೋರ್ಡ್ ಪರೀಕ್ಷೆಯನ್ನೇ ಬರೆಯದಿದ್ದಾಗ. ಹೆದರಿ ಕೈಬಿಡಬೇಕಿಲ್ಲ. ಈ ವಿಶ್ವವಿದ್ಯಾಲಯಗಳಲ್ಲಿ ಬಡ ಮಕ್ಕಳಿಗೆ ಆರ್ಥಿಕ ನೆರವು ಇದೆ. ಪ್ರೊ. ಶಮ್ನಾದ್ ಬಷೀರ್ 2010ರಲ್ಲಿ ಆರಂಭಿಸಿದ ‘ಇಡಿಯಾ’ ಸಂಸ್ಥೆ ಹಿಂದುಳಿದ ಹಿನ್ನೆಲೆಯ ಮಕ್ಕಳನ್ನು ಆರಿಸಿ ಕ್ಲ್ಯಾಟ್‌ಗೆ ತರಬೇತಿ ಕೊಡುತ್ತದೆ, ಓದು ಮುಗಿಯುವವರೆಗೆ ಬೆನ್ನಿಗೆ ನಿಲ್ಲುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದರೆ ಇವೆಲ್ಲ ಕೇಳಬೇಕಾದದ್ದು ಹನ್ನೊಂದನೆಯ ತರಗತಿಯಲ್ಲಿ. ಡಿಸೆಂಬರಿನಲ್ಲಿ ಅಲ್ಲ.

ಸ್ಕಾಲರ್‌ಶಿಪ್ ಸೀಟಿನ ಹಿಂದೆ ಬರುತ್ತದೆ

‘ಮೊದಲು ಸೀಟು ಸಿಗಲಿ, ಸ್ಕಾಲರ್‌ಶಿಪ್ ಆಮೇಲೆ ನೋಡಿದರಾಯಿತು.’ ಪಾಲಕರ ಬಾಯಲ್ಲಿ ಹೆಚ್ಚು ಕೇಳಿಬರುವ ಮಾತು ಇದು. ಹೆಚ್ಚು ನಷ್ಟ ತರುವ ಮಾತೂ ಇದೇ. ಸೀಟು ಯಾವ ಬಾಗಿಲಿನಿಂದ ಸಿಕ್ಕಿತು ಎಂಬುದೇ ಸ್ಕಾಲರ್‌ಶಿಪ್ ಸಿಗುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುತ್ತದೆ.

ಮಹಾರಾಷ್ಟ್ರದ ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆಯನ್ನು ನೋಡಿ. ಕುಟುಂಬದ ವಾರ್ಷಿಕ ಉತ್ಪನ್ನ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕದ ಅರ್ಧವನ್ನು ಸರ್ಕಾರ ಭರಿಸುತ್ತದೆ. 2024ರ ಜುಲೈ 8ರ ಸರ್ಕಾರಿ ಆದೇಶ ಹೆಣ್ಣುಮಕ್ಕಳ ಪಾಲಿಗೆ ಇದನ್ನು ಇನ್ನೂ ದೊಡ್ಡದು ಮಾಡಿತು. ಆರ್ಥಿಕವಾಗಿ ದುರ್ಬಲ ವರ್ಗ, ಸಾಮಾಜಿಕ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗ, ಇತರ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ, ಉತ್ಪನ್ನ 8 ಲಕ್ಷದೊಳಗಿದ್ದರೆ, ವೃತ್ತಿಪರ ಕೋರ್ಸಿನ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಎರಡೂ ಪೂರ್ತಿ ಮಾಫಿ. ಖಾಸಗಿ ಕಾಲೇಜಾದರೂ ಸರಿ. ಷರತ್ತು ಒಂದೇ ದೊಡ್ಡದು: ಪ್ರವೇಶ ಕ್ಯಾಪ್ ಸುತ್ತಿನ ಮೂಲಕ ಆಗಿರಬೇಕು. ಆಡಳಿತ ಮಂಡಳಿ ಸೀಟಿಗೆ ಇದಿಲ್ಲ. ಖಾಸಗಿ ಸ್ವಾಯತ್ತ ವಿಶ್ವವಿದ್ಯಾಲಯಗಳಿಗೂ ಇಲ್ಲ.

ಸರಪಳಿ ಈಗ ಕಾಣಿಸಿತೇ? ಸಿಇಟಿ ಬರೆಯದಿದ್ದರೆ ಕ್ಯಾಪ್ ಇಲ್ಲ. ಕ್ಯಾಪ್ ಇಲ್ಲದಿದ್ದರೆ ಮಾಫಿ ಇಲ್ಲ. ಫೆಬ್ರುವರಿಯಲ್ಲಿ ಹಾಕದ ಒಂದು ಅರ್ಜಿ ಐದು ವರ್ಷದ ಶುಲ್ಕವನ್ನು ನಿಮ್ಮ ತಲೆಯ ಮೇಲೆ ತಂದು ಹಾಕುತ್ತದೆ. ಅಂಕ ಎಷ್ಟು ಬಂತು ಎಂಬುದು ಯಾವ ಕಾಲೇಜು ಎಂದು ನಿರ್ಧರಿಸುತ್ತದೆ. ಶುಲ್ಕ ಮಾಫಿಗೆ ದೊಡ್ಡ ಅಂಕವೇ ಬೇಕೆಂದಿಲ್ಲ, ಆ ಸುತ್ತಿನೊಳಗೆ ಇದ್ದರೆ ಸಾಕು. ಆದ್ದರಿಂದ ಕಾಲೇಜುಗಳ ಆಯ್ಕೆ ಪಟ್ಟಿ ತುಂಬುವಾಗ ಹೆಸರಾಂತ ನಾಲ್ಕನ್ನೇ ತುಂಬಿ ನಿಲ್ಲಿಸಬೇಡಿ. ಕಡಿಮೆ ಅಂಕಕ್ಕೂ ಸಿಗಬಹುದಾದ ಕೊಲ್ಹಾಪುರ, ಸಾಂಗಲಿ ಭಾಗದ ಕಾಲೇಜುಗಳನ್ನೂ ಕೆಳಗೆ ಸೇರಿಸಿ.

ಬೆಳಗಾವಿಗೆ ಹೋದರೆ ಏನು? ಮಹಾರಾಷ್ಟ್ರದ ಈ ಮಾಫಿ ಗಡಿ ದಾಟುವುದಿಲ್ಲ. ಕರ್ನಾಟಕದ ವಿದ್ಯಾಸಿರಿಯಂಥ ಯೋಜನೆಗಳು ಕರ್ನಾಟಕದ ನಿವಾಸಿಗಳಿಗೆ. ಹೀಗೆ ಕನ್ನಡ ಮಾಧ್ಯಮದ ಮಗು ಕನ್ನಡ ನಾಡಿಗೆ ಓದಲು ಹೋದಾಗಲೇ ಎರಡೂ ಸರ್ಕಾರಗಳ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಇದು ನೋವಿನ ಮಾತು, ಆದರೆ ಲೆಕ್ಕ ಹಾಕುವಾಗ ನೋವನ್ನು ಬದಿಗಿಡಬೇಕು.

ಗಡಿ ದಾಟುವ ಎರಡು ನೆರವುಗಳನ್ನು ನೆನಪಿಡಿ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಉತ್ಪನ್ನದ ಮಿತಿ ಎರಡೂವರೆ ಲಕ್ಷ. ಬೇರೆ ರಾಜ್ಯದಲ್ಲಿ ಓದಿದರೂ ಕೊಡಬೇಕಾದದ್ದು ವಿದ್ಯಾರ್ಥಿಯ ಸ್ವಂತ ರಾಜ್ಯ, ಅಂದರೆ ಮಹಾರಾಷ್ಟ್ರ. ಎರಡನೆಯದು ಕಾಲೇಜು ವಿದ್ಯಾರ್ಥಿಗಳಿಗಿರುವ ಕೇಂದ್ರ ವಲಯದ ವಿದ್ಯಾರ್ಥಿವೇತನ. ಹನ್ನೆರಡನೆಯಲ್ಲಿ ತನ್ನ ಬೋರ್ಡಿನ, ತನ್ನ ವಿಭಾಗದ ಪಾಸಾದವರಲ್ಲಿ ಮೇಲಿನ ಶೇ 20ರಲ್ಲಿ ಬಂದ, ಕುಟುಂಬದ ಉತ್ಪನ್ನ ನಾಲ್ಕೂವರೆ ಲಕ್ಷದೊಳಗಿರುವ ಮಕ್ಕಳಿಗೆ ಇದು. ದೇಶಕ್ಕೆ ವರ್ಷಕ್ಕೆ 82,000 ಹೊಸ ವೇತನಗಳು. ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಐದು ವರ್ಷದ ವೃತ್ತಿಪರ ಕೋರ್ಸಾದರೆ ನಾಲ್ಕು ಮತ್ತು ಐದನೆಯ ವರ್ಷ 20,000. ಮಹಾರಾಷ್ಟ್ರ ಬೋರ್ಡಿನ ಅಂಕದ ಮೇಲೆ ಸಿಗುವ ಈ ಹಣ ಬೆಳಗಾವಿಯಲ್ಲಿ ಓದಿದರೂ ಬರುತ್ತದೆ. ಆದರೆ ಬೇರೆ ಸ್ಕಾಲರ್‌ಶಿಪ್ ಪಡೆಯುತ್ತಿದ್ದರೆ ಇದು ಸಿಗದು. ಮುಂದುವರಿಯಲು ಪ್ರತಿ ವರ್ಷ ಶೇ 50 ಅಂಕ, ಶೇ 75 ಹಾಜರಿ ಬೇಕು.

ಕಾಗದಪತ್ರದ ತಿಂಗಳುಗಳು

ಅಂಕ ಮಕ್ಕಳ ಕೈಯಲ್ಲಿದೆ. ಕಾಗದ ನಿಮ್ಮ ಕೈಯಲ್ಲಿದೆ. ಕ್ಯಾಪ್ ಸುತ್ತಿನಲ್ಲಿ ಸೀಟು ಕೈತಪ್ಪಲು ಅಂಕದಷ್ಟೇ ದೊಡ್ಡ ಕಾರಣ ಒಂದು ಕಾಗದ ಬಾರದಿರುವುದು.

ಮೊದಲು ಶಾಲೆ ಬಿಟ್ಟ ದಾಖಲೆ, ನಾವು ಎಲ್‌ಸಿ ಎನ್ನುವುದು. ಅದರಲ್ಲಿ ಹೆಸರು, ಅಡ್ಡಹೆಸರು, ಹುಟ್ಟಿದ ಊರು, ಜಾತಿ, ಮಾತೃಭಾಷೆ ಹೇಗೆ ಬರೆದಿದ್ದಾರೆ ಎಂದು ಇವತ್ತೇ ನೋಡಿ. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಬರಹ, ಆಧಾರದಲ್ಲಿ ಇನ್ನೊಂದು, ಮರಾಠಿ ಜೂನಿಯರ್ ಕಾಲೇಜಿನಲ್ಲಿ ಮತ್ತೊಂದು ಆಗುವುದು ನಮ್ಮ ಭಾಗದ ನಿತ್ಯದ ಕಥೆ. ಕನ್ನಡದ ‘ಳ’ ಮರಾಠಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಹೆಸರೇ ಬದಲಾಗಿರುತ್ತದೆ. ಮಾತೃಭಾಷೆಯ ಜಾಗದಲ್ಲಿ ಕನ್ನಡ ಎಂದಿದೆಯೇ ಎಂಬುದನ್ನೂ ನೋಡಿ. ಹೊರನಾಡು, ಗಡಿನಾಡು ಕಲಮಿಗೂ ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತರ ಸೀಟು ಕೇಳುವುದಕ್ಕೂ ಆ ಒಂದು ಪದ ಬೇಕು. ಮಗು ಶಾಲೆಯಲ್ಲಿ ಇರುವಾಗ ತಿದ್ದಿಸುವುದು ಸುಲಭ. ಬಿಟ್ಟ ಮೇಲೆ ಕಷ್ಟ.

ಮೀಸಲಾತಿ ಕೇಳುವವರಿಗೆ ಜಾತಿ ದಾಖಲೆ ಒಂದೇ ಸಾಲದು. ಜಿಲ್ಲಾ ಪಡತಾಳಣಿ ಸಮಿತಿಯ ಜಾತಿ ವೈಧತಾ ಪತ್ರ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಜ್ಜನ ಕಾಲದ ಶಾಲಾ ದಾಖಲೆ ಕೇಳುತ್ತಾರೆ. ಚಂದಗಡದವರ ಅಜ್ಜ ಓದಿದ್ದು ಬೆಳಗಾವಿ ಜಿಲ್ಲೆಯ ಶಾಲೆಯಲ್ಲಿ. ದಾಖಲೆ ಕನ್ನಡದಲ್ಲಿರಬಹುದು. ಅದರ ಅನುವಾದ, ದೃಢೀಕರಣ ಎಲ್ಲ ಸೇರಿ ಹೊತ್ತು ಹಿಡಿಯುತ್ತದೆ. ಹನ್ನೊಂದನೆಯಲ್ಲೇ ಅರ್ಜಿ ಹಾಕಿ.

ಉತ್ಪನ್ನದ ದಾಖಲೆ ಮತ್ತು ನಾನ್ ಕ್ರೀಮಿಲೇಯರ್ ಪತ್ರಗಳಿಗೆ ಮಾರ್ಚ್ 31 ಮುಖ್ಯ ದಿನ. ಅವುಗಳ ಅವಧಿ ಆರ್ಥಿಕ ವರ್ಷದ ಜೊತೆ ಮುಗಿಯುತ್ತದೆ. ಪ್ರವೇಶ ಜೂನ್ ನಂತರ ಆಗುವುದರಿಂದ ಜನವರಿಯಲ್ಲಿ ತೆಗೆಸಿದ ಉತ್ಪನ್ನದ ದಾಖಲೆ ಕೆಲಸಕ್ಕೆ ಬಾರದೆ ಹೋಗಬಹುದು. ಏಪ್ರಿಲ್ ಹುಟ್ಟಿದ ಕೂಡಲೇ, ಎಲ್ಲರೂ ನುಗ್ಗುವ ಮೊದಲು, ಸೇತು ಕೇಂದ್ರಕ್ಕೆ ಹೋಗಿ ಹೊಸದಕ್ಕೆ ಅರ್ಜಿ ಹಾಕಿ. ಡೊಮಿಸೈಲ್ ದಾಖಲೆಗೆ ಇಂಥ ವಾಯಿದೆ ಇಲ್ಲ, ಅದನ್ನು ಹನ್ನೊಂದನೆಯಲ್ಲೇ ತೆಗೆಸಿಟ್ಟುಕೊಳ್ಳಿ.

ಇನ್ನೊಂದು ಎಚ್ಚರ. ಹತ್ತನೆಯ ನಂತರ ಮಕ್ಕಳನ್ನು ಬೆಳಗಾವಿ, ನಿಪ್ಪಾಣಿ, ಸಂಕೇಶ್ವರದ ಪಿಯು ಕಾಲೇಜಿಗೆ ಕಳಿಸುವವರು ಬಹಳ. ಕನ್ನಡದಲ್ಲಿ ಓದು ಮುಂದುವರಿಯಲಿ ಎಂಬ ಆಸೆ ಸಹಜ. ಆದರೆ ಎರಡು ವರ್ಷ ಕರ್ನಾಟಕದಲ್ಲಿ ಓದಿದರೆ ಅಲ್ಲಿನ ಏಳು, ಹತ್ತು ವರ್ಷದ ಲೆಕ್ಕ ತುಂಬುವುದಿಲ್ಲ. ಹನ್ನೆರಡನೆಯನ್ನು ಹೊರಗೆ ಮುಗಿಸಿದ್ದರಿಂದ ಮಹಾರಾಷ್ಟ್ರದಲ್ಲಿ ಯಾವ ಬಗೆಯ ಅಭ್ಯರ್ಥಿ ಎಂಬ ಪ್ರಶ್ನೆಯೂ ಏಳುತ್ತದೆ. ಕಳಿಸಬೇಡಿ ಎಂದು ಹೇಳುತ್ತಿಲ್ಲ. ಕಳಿಸುವ ಮೊದಲು ಸಿಇಟಿ ಸೆಲ್‌ನ ಮಾಹಿತಿ ಪುಸ್ತಿಕೆಯಲ್ಲಿ ಅಭ್ಯರ್ಥಿಗಳ ವರ್ಗೀಕರಣದ ಪುಟ ಓದಿಸಿಕೊಳ್ಳಿ.

ಒಂದು ಸೀಟು ಹಿಡಿದು ಇನ್ನೊಂದಕ್ಕೆ ಕಾಯುವುದು

ಮೇ ಕೊನೆಗೆ ಬೆಳಗಾವಿಯ ಕಾಲೇಜು ‘ಬನ್ನಿ, ಶುಲ್ಕ ಕಟ್ಟಿ’ ಎನ್ನುತ್ತದೆ. ಕ್ಯಾಪ್ ಸುತ್ತು ಇನ್ನೂ ದೂರ. ಕಬ್ಬಿನ ಬಿಲ್ಲಿನ ಹಣ ಬಿತ್ತನೆಗೆ, ಗೊಬ್ಬರಕ್ಕೆ ಹೋಗಿರುತ್ತದೆ. ಗೋಡಂಬಿಯ ಹಣ ಅಲ್ಪಸ್ವಲ್ಪ ಉಳಿದಿರುತ್ತದೆ. ಕಟ್ಟಿದರೆ ಹಣ ಸಿಕ್ಕಿಬೀಳುತ್ತದೆಯೇ? ಕಟ್ಟದಿದ್ದರೆ ಎರಡೂ ಹೋಗುತ್ತವೆಯೇ?

ಇದಕ್ಕೆ ನಿಯಮದ ಆಸರೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲು ಸೀಟು ಬಿಟ್ಟರೆ ಶುಲ್ಕ ಪೂರ್ತಿ ಮರಳಬೇಕು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇದ್ದಾಗ ಬಿಟ್ಟರೆ ಶೇ 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, ಆಮೇಲೆ 30 ದಿನದವರೆಗೆ ಶೇ 50, ನಂತರ ಏನೂ ಇಲ್ಲ. ಮೂಲ ಅಂಕಪಟ್ಟಿ, ಎಲ್‌ಸಿಗಳನ್ನು ಕಾಲೇಜು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಸೂಚನೆ ಹೇಳುತ್ತದೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ನಿಮ್ಮ ಪ್ರವೇಶದ ಕೊನೆಯ ದಿನ ಯಾವುದು? ಬಿಟ್ಟರೆ ಎಷ್ಟು ಮರಳಿಸುತ್ತೀರಿ? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ರಸೀದಿ ಇಲ್ಲದೆ ಒಂದು ರೂಪಾಯಿ ಕೂಡ ಕೊಡಬೇಡಿ, ರಸೀದಿ ಇಲ್ಲದ ಹಣಕ್ಕೆ ಯಾವ ನಿಯಮವೂ ಇಲ್ಲ.

ಬೆಳಗಾವಿಯ ಸೀಟೇ ಖಚಿತವಾದರೆ ಬೇರೆ ರಾಜ್ಯದ ಬೋರ್ಡಿನಿಂದ ಬಂದವರಿಗೆ ವಿಶ್ವವಿದ್ಯಾಲಯದ ಅರ್ಹತಾ ಪತ್ರ ಮತ್ತು ಮಹಾರಾಷ್ಟ್ರ ಬೋರ್ಡಿನ ಮೈಗ್ರೇಶನ್ ಪತ್ರ ಬೇಕಾಗುತ್ತದೆ. ಫಲಿತಾಂಶ ಬಂದ ವಾರದಲ್ಲೇ ಬೋರ್ಡಿಗೆ ಅರ್ಜಿ ಹಾಕಿ.

ಒಂದು ವರ್ಷ ಕಾಯಬೇಕೆ?

‘ಈ ಸಲ ಅಂಕ ಕಡಿಮೆ ಬಂತು, ಮುಂದಿನ ವರ್ಷ ಚೆನ್ನಾಗಿ ಬರೆಯುತ್ತೇನೆ’ ಎಂದು ಮಗಳು ಕೇಳಬಹುದು. ಬೇಡವೆಂದು ಬೈಯುವ ಮೊದಲು ಲೆಕ್ಕ ಹಾಕಿ. ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಹನ್ನೆರಡನೆಯ ಪಾಸಾದ ಅದೇ ವರ್ಷ ಕಾಲೇಜು ಸೇರಿರಬೇಕು. ಒಂದು ವರ್ಷ ಬಿಟ್ಟರೆ ಅದು ಹೋಯಿತು. ಶಾಹು ಮಹಾರಾಜ ಯೋಜನೆಯಲ್ಲಿ ಎರಡು ವರ್ಷ ಅಥವಾ ಹೆಚ್ಚು ಅಂತರವಾದರೆ ತೊಂದರೆ. ಒಂದು ಕುಟುಂಬದ ಇಬ್ಬರು ಮಕ್ಕಳಿಗೆ ಮಾತ್ರ ಎಂಬ ಷರತ್ತೂ ಅದರಲ್ಲಿದೆ.

ಈ ವರ್ಷ ಕ್ಯಾಪ್‌ನಲ್ಲಿ ಯಾವುದಾದರೂ ಕಾಲೇಜು ಸಿಕ್ಕು ಶುಲ್ಕ ಮಾಫಿಯಾಗುತ್ತಿದ್ದರೆ, ದೊಡ್ಡ ಹೆಸರಿನ ಆಸೆಗೆ ಅದನ್ನು ಬಿಡುವುದು ಹೆಚ್ಚಿನ ಮನೆಗಳಿಗೆ ತಕ್ಕುದಲ್ಲ. ಏನೂ ಸಿಗದಿದ್ದರೆ ಮನೆಯಲ್ಲಿ ಕೂರಿಸುವ ಬದಲು ಗಡಹಿಂಗ್ಲಜದಲ್ಲೋ ಹತ್ತಿರದಲ್ಲೋ ಬಿಎ, ಬಿಕಾಂ ಸೇರಿಸಿ. ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಅದಕ್ಕೆ ಮಹಾರಾಷ್ಟ್ರದಲ್ಲಿ ಬೇರೆ ಸಿಇಟಿ ಇದೆ. ಐದರ ಬದಲು ಒಟ್ಟು ಆರು ವರ್ಷವಾಗುತ್ತದೆ, ಅಷ್ಟೇ.

ಕನ್ನಡ ಬಲ್ಲ ವಕೀಲರು ಇಲ್ಲಿ ಬೇಕು

ಇಷ್ಟೆಲ್ಲ ಓಡಾಟ ಏಕೆ ಎಂದು ನಿಮಗೆ ಅನಿಸಬಹುದು. 2025ರ ಆಗಸ್ಟ್ 18ರಿಂದ ಬಾಂಬೆ ಹೈಕೋರ್ಟಿನ ಕೊಲ್ಹಾಪುರ ಸಂಚಾರಿ ಪೀಠ ಕೆಲಸ ಆರಂಭಿಸಿದೆ. ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರ, ಸಾತಾರಾ, ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳ ಪ್ರಕರಣ ಅಲ್ಲಿ ನಡೆಯುತ್ತವೆ. ಗಡಹಿಂಗ್ಲಜ, ಜತ್ತ, ಅಕ್ಕಲಕೋಟದ ಕನ್ನಡ ಮಾತಾಡುವ ರೈತ ಇನ್ನು ಮುಂದೆ ಮುಂಬೈಗೆ ಹೋಗಬೇಕಿಲ್ಲ, ಕೊಲ್ಹಾಪುರಕ್ಕೆ ಬರುತ್ತಾನೆ. ಅವನ ಹಳೆಯ ಕಾಗದ ಓದಬಲ್ಲ, ಅವನ ಮಾತು ತಿಳಿಯಬಲ್ಲ, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ವಾದಿಸಬಲ್ಲ ವಕೀಲರು ಎಷ್ಟು ಜನ ಇದ್ದಾರೆ? ನಿಮ್ಮ ಮಗಳಿಗೆ ಮೂರೂ ಭಾಷೆ ಬರುತ್ತವೆ. ಕನ್ನಡ ಶಾಲೆ ಅವಳಿಗೆ ಕೊಟ್ಟ ಗಳಿಕೆ ಅದು.

ಬೆಳಗಾವಿಯಲ್ಲಿ ಓದಿದರೂ ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬಹುದು. ಆ ನೋಂದಣಿಗೂ ಮೊದಲು ಹತ್ತಾರು ಸಾವಿರ ಕೇಳುತ್ತಿದ್ದರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಿ ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಚಂದಗಡವನ್ನು ಬೆಳಗಾವಿಯಿಂದ ಬೇರೆ ಮಾಡಿದ ಅದೇ 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿ 350-ಎ ವಿಧಿಯನ್ನು ತಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕೊಡಲು ರಾಜ್ಯಗಳು ಶ್ರಮಿಸಬೇಕು ಎನ್ನುತ್ತದೆ ಅದು. ನಿಮ್ಮ ಊರಿನ ಕನ್ನಡ ಶಾಲೆಗೆ ಶಿಕ್ಷಕರು ಬಾರದಿದ್ದಾಗ, ಪಠ್ಯಪುಸ್ತಕ ತಡವಾದಾಗ ಆ ವಿಧಿಯನ್ನು ಹಿಡಿದು ಕೇಳುವವರು ಈ ಶಾಲೆಗಳಿಂದಲೇ ಬರಬೇಕು.

ತಿಂಗಳ ಪ್ರಕಾರ ಕೆಲಸ

ಹನ್ನೊಂದನೆಯ ವರ್ಷ: ಎಲ್‌ಸಿ, ಆಧಾರ ಹೆಸರು ಸರಿಮಾಡಿಸಿ. ಡೊಮಿಸೈಲ್ ತೆಗೆಸಿ. ಜಾತಿ ವೈಧತೆಗೆ ಅರ್ಜಿ ಹಾಕಿ.

ಹನ್ನೆರಡನೆಯ ಜುಲೈನಿಂದ ಅಕ್ಟೋಬರ್: ಕ್ಲ್ಯಾಟ್ ಬರೆಯುವುದಾದರೆ ಅರ್ಜಿ. ಬರೆಯದಿದ್ದರೂ ದಿನಪತ್ರಿಕೆ ಓದುವ ಅಭ್ಯಾಸ, ದಿನಕ್ಕೆ ಒಂದು ತಾಸು.

ಡಿಸೆಂಬರ್‌ನಿಂದ ಮಾರ್ಚ್: ಮಹಾರಾಷ್ಟ್ರ ಸಿಇಟಿ ಅರ್ಜಿ. ಬೋರ್ಡ್ ಪರೀಕ್ಷೆಯ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ, ಗೋಡೆಯ ಮೇಲೆ ಬರೆದಿಡಿ.

ಏಪ್ರಿಲ್: ಹೊಸ ಉತ್ಪನ್ನದ ದಾಖಲೆ, ನಾನ್ ಕ್ರೀಮಿಲೇಯರ್.

ಮೇ–ಜೂನ್: ಫಲಿತಾಂಶ. ಬೆಳಗಾವಿ ಕಾಲೇಜಿನ ವಿಚಾರಣೆ, ಮರುಪಾವತಿಯ ಮಾತು ಬರಹದಲ್ಲಿ.

ಮಳೆಗಾಲ: ಕ್ಯಾಪ್ ನೋಂದಣಿ, ಉದ್ದನೆಯ ಆಯ್ಕೆ ಪಟ್ಟಿ. ಸೀಟು ಸಿಕ್ಕ ಕೂಡಲೇ ಮಹಾಡಿಬಿಟಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ, ಬೆಳಗಾವಿಯಾದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್. ಪ್ರತಿ ವರ್ಷ ನವೀಕರಣ ಮರೆಯಬೇಡಿ.

ದಿನಾಂಕಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತವೆ, ಆದರೆ ಈ ಸರದಿ ಬದಲಾಗುವುದಿಲ್ಲ. ಇವತ್ತು ಸಂಜೆ ಟ್ರಂಕಿನಿಂದ ಮಗಳ ಎಲ್‌ಸಿ ತೆಗೆದು ಅವಳ ಕೈಗೆ ಕೊಟ್ಟು, ಒಂದೊಂದು ಅಕ್ಷರ ಗಟ್ಟಿಯಾಗಿ ಓದಿಸಿ. ಮುಂದೆ ಪರರ ಕಾಗದ ಓದಿ ತಪ್ಪು ಹುಡುಕುವವಳು ಅವಳೇ. ತನ್ನದರಿಂದಲೇ ಶುರುಮಾಡಲಿ.